ಮನಶುದ್ಧಿ ಎನ್ನಲಾಗದ ಬೆಳಗು

ಮಳೆಗಾಲದಲ್ಲಿ ಚಿಕ್ಕೋಡಿಯ ನನ್ನ ಬಾಡಿಗೆ ಕೋಣೆಯೊಳಗೆ ಒದ್ದೆ ಹತ್ತಿ ಸೀರೆಯನ್ನು ಒಲೆಯ ಹತ್ತಿರ ಹರವಿದರೆ ಹಬೆಯ ಜೊತೆ ಒಂದು ವಾಸನೆ ಏಳುತ್ತದೆ. ಸೋಪಿನದಲ್ಲ, ನೀರಿನದೂ ಅಲ್ಲ, ಕಾದ ನೂಲಿನದು. ಅದು ಮೂಗಿಗೆ ಬಂದ ಕೂಡಲೇ ನಾನು ಕಾಗವಾಡದ ಕಡೆಯ ನಮ್ಮ ಹಳೆಯ ಮಾಳಿಗೆ ಮನೆಯ ಅಡುಗೆಮನೆಯಲ್ಲಿರುತ್ತೇನೆ. ಚಾತುರ್ಮಾಸಕ್ಕೆ ಊರ ಬಸದಿಯಲ್ಲಿ ಮುನಿ ಮಹಾರಾಜರು ತಂಗಿದ್ದ ವರ್ಷ ಅದು. ಅವರಿಗೆ ಆಹಾರ ಕೊಡುವಾಗ ಉಡುವ ಮಡಿ ಬಟ್ಟೆಯನ್ನು ಯಾರೂ ಮುಟ್ಟದಿರಲಿ ಎಂದು ಆಯಿ, ಅಂದರೆ ನಮ್ಮಪ್ಪನ ತಾಯಿ, ಒಲೆಯ ಮೇಲಿನ ಗಳಕ್ಕೆ ಹಾಕಿ ಒಣಗಿಸುತ್ತಿದ್ದಳು.

ನಾನಾಗ ನಾಲ್ಕನೆಯ ತರಗತಿ. ಸಂಜೆ ಊಟ ಮುಗಿಸಿ, ಹೊತ್ತು ಮುಳುಗಿದ ಮೇಲೆ ಆಯಿಯ ಪಕ್ಕ ಸಾಮಾಯಿಕಕ್ಕೆ ಕೂರುತ್ತಿದ್ದೆ. ಅಲುಗದೆ ಕೂತು, ಕಣ್ಣು ಮುಚ್ಚಿ ಜಪ ಮಾಡುವುದು ಅಷ್ಟೇ. ಆದರೆ ಎದುರು ಮನೆಯ ಟಿವಿಯಲ್ಲಿ ಮರಾಠಿ ಧಾರಾವಾಹಿಯ ಹಾಡು ಶುರುವಾದರೆ ನನ್ನ ಮನಸ್ಸು ಎದ್ದು ಅಲ್ಲಿಗೇ ಹೋಗುತ್ತಿತ್ತು. ಹಾಗೆ ಹೋದಾಗೆಲ್ಲ ಕಣ್ಣು ತೆರೆದು ಶಾಲೆಯ ಡೈರಿಯಲ್ಲಿ, ಆ ದಿನದ ತಾರೀಖಿನ ಕೆಳಗೆ, ಒಂದು ಗೆರೆ ಎಳೆಯುತ್ತಿದ್ದೆ. ಎಳೆದಷ್ಟೂ ಗೆರೆಗಳು ಹೆಚ್ಚಾದವೇ ಹೊರತು ಕಡಿಮೆಯಾಗಲಿಲ್ಲ.

“ನೀ ಜಪಾ ಮಾಡಾಕತ್ತೀಯೋ, ತಪ್ಪಿಸ್ಕೊಂಡ ಕುರಿ ಎಣಸಾಕತ್ತೀಯೋ?” ಎಂದು ಆಯಿ ಕಣ್ಣು ಮುಚ್ಚಿಕೊಂಡೇ ಕೇಳುತ್ತಿದ್ದಳು. ನನಗೆ ನಗು ಬರುತ್ತಿರಲಿಲ್ಲ. ಇದು ನನ್ನಂಥವಳಿಗೆ ಅಲ್ಲವೇನೋ ಎಂದು ಹೆದರಿಕೆಯಾಗುತ್ತಿತ್ತು.

ಮಹಾರಾಜರು ದಿನಕ್ಕೆ ಒಂದೇ ಹೊತ್ತು, ನಿಂತು, ಬೊಗಸೆಯಲ್ಲಿ ಉಣ್ಣುವವರು. ಬೆಳಿಗ್ಗೆ ಬಸದಿಯಿಂದ ಹೊರಡುವ ಮುನ್ನ ಮನಸ್ಸಿನಲ್ಲೇ ಏನೋ ಒಂದು ಗುರುತು ಇಟ್ಟುಕೊಳ್ಳುತ್ತಿದ್ದರು. ಆ ಗುರುತು ಕಂಡ ಮನೆಯ ಮುಂದೆ ಮಾತ್ರ ನಿಲ್ಲುವುದು, ಕಾಣದಿದ್ದರೆ ತಿರುಗಿ ಹೋಗಿ ಅಂದು ಉಪವಾಸ. ಯಾವ ಗುರುತು ಎಂದು ಯಾರಿಗೂ ಹೇಳುತ್ತಿರಲಿಲ್ಲ. ಓಣಿಯವರೆಲ್ಲ ಅಡುಗೆ ಮಾಡಿಟ್ಟು, ಕಳಸ ಹಿಡಿದು ಬಾಗಿಲಲ್ಲಿ ಕಾಯುತ್ತಿದ್ದರು. ಆಯಿ ದಿನವೂ ಕಾದಳು. ಅವರು ದಿನವೂ ನಮ್ಮ ಮನೆ ದಾಟಿ ಹೋದರು. ನಾನು ಹೇಳುತ್ತಿರುವ ಬೆಳಗಿನ ಹಿಂದಿನ ದಿನವಂತೂ ಎಲ್ಲೂ ನಿಲ್ಲದೆ ಹಸಿದೇ ಮರಳಿದ್ದರು.

“ನಮ್ಮ ಬಾಗಲಾ ಅವ್ರಿಗಿ ಕಾಣೂದಽ ಇಲ್ಲೇನೋ,” ಎಂದಳು ಕಾಕು, ಅಂದರೆ ನಮ್ಮ ಚಿಕ್ಕಪ್ಪ ಕಾಕಾನ ಹೆಂಡತಿ.

“ನೀ ಅಡ್ಡ ನಿಂತ್ರ ಬಾಗಲಾ ಹೆಂಗ ಕಾಣಬೇಕವಾ, ಒಂಚೂರ ಸರದ ನಿಲ್ಲು,” ಎಂದಳು ಆಯಿ.

ಆವತ್ತು ಅವರು ನಮ್ಮ ಬಾಗಿಲ ಮುಂದೆ ನಿಂತರು. ಅವರಿಗೆ ಮೂರು ಸುತ್ತು ಬಂದು, ಒಳಗೆ ಕರೆದು, ಪಾದ ತೊಳೆದೆವು. ಇನ್ನು ಕೊಡುವವರು ಒಬ್ಬೊಬ್ಬರಾಗಿ “ಮನಶುದ್ಧಿ, ವಚನಶುದ್ಧಿ, ಕಾಯಶುದ್ಧಿ, ಆಹಾರ ಜಲ ಶುದ್ಧ” ಎನ್ನಬೇಕು. ಕಾಕಾ ಹೇಳಿದ, ಕಾಕು ಹೇಳಿದಳು, ಆಯಿ ಹೇಳಿದಳು. ಮೊದಲ ನೀರು ಹಾಕುವ ಪಾಳಿ ನನ್ನದು, ನಾನೂ ಹೇಳಬೇಕಿತ್ತು. ಬಾಯಿ ತೆರೆದೆ, ಮನಶುದ್ಧಿ ಎನ್ನುವಲ್ಲೇ ತಡೆದು ನಿಂತೆ. ರಾತ್ರಿ ಎಳೆದ ಗೆರೆಗಳು ಕಣ್ಣ ಮುಂದಿದ್ದವು. ಇಂಥ ಮನಸ್ಸನ್ನು ಶುದ್ಧ ಎಂದು ಅವರೆದುರು ಹೇಗೆ ಹೇಳಲಿ? ಹೇಳದೆ ನಿಂತರೆ ಅವರು ತಿರುಗಿ ಹೋಗುತ್ತಾರೆ ಎಂದು ಕಾಕು ಮೊದಲೇ ಹೆದರಿಸಿದ್ದಳು. ಹೋದರೆ ಎರಡನೆಯ ದಿನವೂ ಉಪವಾಸ, ಅದೂ ನನ್ನಿಂದ. ಮಹಾರಾಜರು ಕಣ್ಣು ಕೆಳಗೆ ಮಾಡಿ ನಿಂತೇ ಇದ್ದರು.

“ಹೇಳ ಬೇ,” ಎಂದು ಕಾಕು ಹಲ್ಲು ಕಚ್ಚಿ ಪಿಸುಗುಟ್ಟಿದಳು.

“ಆಯಿ, ನನ್ನ ಮನಸ್ಸ ಶುದ್ಧ ಇಲ್ಲ.”

ಆಯಿ ನನ್ನ ಕಿವಿಯ ಹತ್ತಿರ ಬಾಗಿದಳು. “ನಂದರ ಎಲ್ಲೈತಿ? ಒಲಿ ಮ್ಯಾಲಿನ ಹಾಲಿನ ಕಡೆ ಹೋಗೈತಿ. ನಿನ್ನಿ ರಾತ್ರೀದು ಯಾರ ಕೇಳ್ಯಾರ? ಹೇಳು, ಮನಸ್ಸ ತಿರಗಿ ಬರತೈತಿ. ಅದನ್ನ ಕರ್ಯಾಕಂತನಽ ಹೇಳೂದು.”

ಹೇಳಿದೆ. ಬೊಗಸೆ ತೆರೆಯಿತು. ನೀರು ನೂಲಿನಂತೆ ಇಳಿಯಿತು. ಒಂದು ಕೂದಲು, ಒಂದು ಇರುವೆ ಕಂಡರೂ ಅವರು ಅಲ್ಲಿಗೇ ಊಟ ನಿಲ್ಲಿಸುತ್ತಾರೆ. ಆ ಅಂಗೈಯ ಗೆರೆಗಳನ್ನಲ್ಲದೆ ನಾನು ಬೇರೇನನ್ನೂ ನೋಡಲಿಲ್ಲ. ಎದುರು ಮನೆಯ ಟಿವಿ ನಡೆದಿತ್ತೋ ಇಲ್ಲವೋ ಗೊತ್ತಿಲ್ಲ. ಆಹಾರ ಮುಗಿಸಿ ಅವರು ಬೊಗಸೆ ಬಿಡಿಸಿದಾಗಲೇ ನನಗೆ ನನ್ನ ಕಾಲು ನೋಯುತ್ತಿರುವುದು ತಿಳಿದದ್ದು. ಅವರು ಹೋದ ಮೇಲೆ ಆಯಿ ಕಂಬಕ್ಕೆ ಒರಗಿ ಕೂತು, “ತಾಟ ಹಾಕ್ರಿ, ಹಸದೀನಿ,” ಎಂದಳು.

ಆ ಮನೆ ಈಗಿಲ್ಲ. ಕೃಷ್ಣೆಯ ನೆರೆ ಗೋಡೆಗಳನ್ನು ನೆನೆಸಿ ಹೋಯಿತು, ಉಳಿದದ್ದನ್ನು ಕಾಕಾ ಕೆಡವಿಸಿದ. ಆಯಿ ಅಥಣಿಯ ಒಂದು ಸಿಮೆಂಟು ಮನೆಯಲ್ಲಿ ತೀರಿಕೊಂಡಳು. ನಾನು ಇಂದಿಗೂ ಡೈರಿ ಬರೆಯುತ್ತೇನೆ, ತಾರೀಖು ತಪ್ಪಿಸುವುದಿಲ್ಲ. ಗೆರೆ ಎಳೆಯುವುದನ್ನು ಮಾತ್ರ ಆ ಬೆಳಗಿಗೇ ಬಿಟ್ಟೆ.

ಸಾಮಾಯಿಕಕ್ಕೆ ಕೂತರೆ ಮನಸ್ಸು ಈಗಲೂ ಎದ್ದು ಹೋಗುತ್ತದೆ. ಹೋಗುವುದು ಆ ಅಡುಗೆಮನೆಗೆ. ಆಯಿ ಬೆನ್ನು ತಿರುಗಿಸಿ ಕೂತು ಸೌದೆ ಮುಂದಕ್ಕೆ ತಳ್ಳುತ್ತಿರುತ್ತಾಳೆ. ನಿಮಗೂ ಅಂಥದೊಂದು ಮನೆ ಇದ್ದರೆ ಗೊತ್ತಿರುತ್ತದೆ, ಅಲ್ಲಿಂದ ಏಳುವುದು ಎಷ್ಟು ಕಷ್ಟ ಎಂದು. ಆದರೂ ಮನಸ್ಸನ್ನು ಕರೆಯಬೇಕು, ಕರೆಯುತ್ತೇನೆ. ಅದು ಬರುತ್ತದೆ, ಪ್ರತಿ ಸಲವೂ ಅವಳನ್ನು ಅಲ್ಲಿಯೇ ಬಿಟ್ಟು.