ಮುಚ್ಚಲೊಲ್ಲದ ಟಾಪು

ಆಕೆಗೆ ಜಾಕಮ್ಮ ಎಂದು ಹೆಸರಿಟ್ಟವನು ಪಕ್ಕದ ಬೀದಿಯ ಕ್ಷೌರದಂಗಡಿಯವನು. ಅವನ ಕುರ್ಚಿ ಗಿರಾಕಿಯನ್ನು ಕೂರಿಸಿಕೊಂಡೇ ಮೆಲ್ಲಗೆ ಕೆಳಗಿಳಿಯುತ್ತಿತ್ತು. ಅರ್ಧ ಗಡ್ಡ ಹೆರೆಯುವಷ್ಟರಲ್ಲಿ ಅವನು ಮಂಡಿಯೂರಬೇಕಾಗುತ್ತಿತ್ತು. ಆಕೆ ಬಂದು ಅದರ ಸೀಲು ಬದಲಿಸಿ, ಎಣ್ಣೆ ತುಂಬಿ, ಗಾಳಿ ತೆಗೆದುಕೊಟ್ಟಳು. ಕುರ್ಚಿ ಜಾಕ್ ಕೊಟ್ಟ ಹಾಗೆ ಎತ್ತಿದಲ್ಲೇ ನಿಂತಿತು. ಆಮೇಲೆ ಊರಿನ ಹಲ್ಲಿನ ಡಾಕ್ಟರ ಕುರ್ಚಿ, ಆಸ್ಪತ್ರೆಯ ಮಂಚ, ಗ್ಯಾರೇಜಿನ ಲಿಫ್ಟು ಎಲ್ಲವೂ ಆಕೆಯ ಶೆಡ್ಡಿನ ದಾರಿ ಹಿಡಿದವು. ಸ್ಕೂಲ್ ಬಸ್ಸು ಓಡಿಸುವ ಗಂಡ ಮಾತ್ರ ಬಂದವರೆದುರೆಲ್ಲ ಹೇಳುತ್ತಿದ್ದ: "ಏನು ಬೇಕಾದ್ರೂ ಎಬ್ಬಿಸ್ತಾಳೆ. ಬೆಳಿಗ್ಗೆ ನನ್ನನ್ನ ಹಾಸಿಗೆಯಿಂದ ಎಬ್ಬಿಸೋಕೆ ಮಾತ್ರ ಇವಳ ಕೈಲಾಗಲ್ಲ."

ಅವಳ ಅಪ್ಪ ಟಿಪ್ಪರ್ ಲಾರಿಗಳ ರಿಪೇರಿ ಮಾಡುತ್ತಿದ್ದವನು. ಒಮ್ಮೆ ಎತ್ತಿ ನಿಲ್ಲಿಸಿದ ಲಾರಿಯ ಹಿಂದಿನ ಡಬ್ಬ ಜಾರಿ ಬಿದ್ದು ಅವನ ಬಲಗೈ ಹೋಯಿತು. ಆಗ ಅವಳಿಗೆ ಹದಿನಾಲ್ಕು. ಮುಂದೆ ಅಪ್ಪ ಬಾಯಲ್ಲಿ ಹೇಳುವುದು, ಮಗಳು ಕೈಯಲ್ಲಿ ಮಾಡುವುದು, ಹೀಗೆ ಶೆಡ್ಡು ನಡೆಯಿತು. ಎತ್ತಿದ್ದರ ಕೆಳಗೆ ಮರದ ದಿಮ್ಮಿ ಕೊಡದೆ ಅವಳು ಬೆರಳನ್ನೂ ತೂರಿಸುತ್ತಿರಲಿಲ್ಲ. ಬೀಳುವುದಕ್ಕೂ ನಿಲ್ಲುವುದಕ್ಕೂ ಒಂದು ಕಾರಣ ಇದ್ದೇ ಇರುತ್ತದೆ, ಹುಡುಕಿದರೆ ಸಿಗುತ್ತದೆ ಎಂಬುದು ಅವಳ ಲೆಕ್ಕ. ಅವಳಿಗೆ ಐವತ್ತೆರಡು ತುಂಬುವವರೆಗೆ ಆ ಲೆಕ್ಕ ತಪ್ಪಿರಲಿಲ್ಲ.

ಆ ವರ್ಷ ಔಷಧಿ ಅಂಗಡಿಯ ಹಿರಿಯರು ತಮ್ಮ ಹಳೆಯ ಕಾರನ್ನು ಇನ್ನೊಂದು ಗಾಡಿಗೆ ಕಟ್ಟಿ ಎಳೆಸಿಕೊಂಡು ಬಂದರು. ಉದ್ದನೆಯ, ಬೆಣ್ಣೆಯ ಬಣ್ಣದ ಕಾರು. ಮೇಲ್ಗಡೆ ತಗಡಿಲ್ಲ, ಬಟ್ಟೆಯ ಟಾಪು. ಬಟನ್ ಒತ್ತಿದರೆ ಹಿಂದಿನ ಸೀಟಿನ ಬೆನ್ನಿಗಿರುವ ಪಂಪು ಎಣ್ಣೆಯನ್ನು ಎಡಬಲದ ಎರಡು ಸಿಲಿಂಡರಿಗೆ ತಳ್ಳುತ್ತದೆ. ಮಡಿಸಿಕೊಂಡು ಮಲಗಿದ್ದ ಕಬ್ಬಿಣದ ಚೌಕಟ್ಟು ಕ್ಯಾನ್ವಾಸನ್ನು ಹೊತ್ತು ಎದ್ದು, ಕೂತವರ ತಲೆಯ ಮೇಲೆ ಹಾದು, ಮುಂದಿನ ಗಾಜಿನ ಅಂಚಿಗೆ ಬಂದು ಕೂರುತ್ತದೆ. ಕೂರಬೇಕು. ಇದು ಕೂರುತ್ತಿರಲಿಲ್ಲ.

"ಎಷ್ಟು ದಿನದಿಂದ ಹಿಂಗೆ ಸರ್?"

"ಎಂಟು ವರ್ಷ ಆಯ್ತಮ್ಮ, ಕೊನೇ ಸಲ ಟಾಪು ಮುಚ್ಚಿ. ಮನೆ ಶೆಡ್ಡಲ್ಲೇ ನಿಲ್ಸಿದ್ದೆ. ಈಗ ಒಬ್ರು ತಗೋತೀನಿ ಅಂತಿದಾರೆ. ಟಾಪು ಮುಚ್ಚಿದ್ರೆ ಮಾತ್ರ ಅಂತೆ."

ಮಾತಾಡುವಷ್ಟು ಹೊತ್ತೂ ಅವರು ಕಾರಿಗೆ ಬೆನ್ನು ಹಾಕಿಯೇ ನಿಂತಿದ್ದರು.

ಅವಳು ಹಿಂದಿನ ಸೀಟು ಕಳಚಿ ಹೊರಗಿಟ್ಟಳು. ಎಣ್ಣೆ ಪಾಕದಂತೆ ಗಟ್ಟಿಯಾಗಿತ್ತು. ಸೀಲುಗಳು ಒಣಗಿ ಪುಡಿಯಾಗಿದ್ದವು. ಒಂದು ಹೋಸ್ ಪೈಪು ಸೀಳಿತ್ತು. ಎಲ್ಲ ಹೊಸದು ಹಾಕಲು ನಾಲ್ಕು ದಿನ ಹಿಡಿಯಿತು. ಐದನೆಯ ದಿನ ಕೆಂಪೆಣ್ಣೆ ತುಂಬಿ, ಗಾಳಿ ಹೋಗಲೆಂದು ಟಾಪನ್ನು ಹತ್ತು ಸಲ ಏರಿಸಿ ಇಳಿಸಿದಳು. ಎಲ್ಲೂ ತೊಡರಲಿಲ್ಲ. ಸರಿ, ಇನ್ನೇನು ಮುಗಿಯಿತು ಎಂದು ಸೀಟು ಕೂರಿಸಿ, ಕೊನೆಯದಾಗಿ ಬಟನ್ ಒತ್ತಿದಳು.

ಚೌಕಟ್ಟು ಎದ್ದಿತು, ಹಿಂದಿನ ಸೀಟಿನ ಮೇಲಕ್ಕೆ ಬಂತು, ನಿಂತಿತು. ಪಂಪು ನರಳತೊಡಗಿತು. ನೋಡಿದರೆ ಬಲಭಾಗ ಎರಡು ಬೆರಳು ಮುಂದಿದೆ, ಎಡಭಾಗ ತಡೆದಿದೆ.

ಸೀಟು ತೆಗೆದಳು. ಸಲೀಸಾಗಿ ಮುಚ್ಚಿತು. ಸೀಟು ಹಾಕಿದಳು. ಅಲ್ಲೇ ನಿಂತಿತು. ಸೀಟು ಪೈಪನ್ನು ಒತ್ತುತ್ತಿದೆಯೇ ಎಂದು ನಡುವೆ ಕಾಗದ ತೂರಿಸಿ ನೋಡಿದಳು. ಕಾಗದ ಸರಾಗವಾಗಿ ಓಡಾಡಿತು. ಎಡದ ಸಿಲಿಂಡರನ್ನು ಬಲಕ್ಕೆ, ಬಲದ್ದನ್ನು ಎಡಕ್ಕೆ ಹಾಕಿದಳು. ಆಗಲೂ ತಡೆದದ್ದು ಎಡಗಡೆಯೇ.

ಊಟದ ಹೊತ್ತಿಗೆ ಗಂಡ ಅಂದ: "ಯಾವ್ದಾದ್ರೂ ದೆವ್ವ ಹಿಡ್ಕೊಂಡಿದ್ಯೇನೋ ನೋಡು."

"ದೆವ್ವಕ್ಕೆ ಅಷ್ಟು ಶಕ್ತಿ ಇದ್ರೆ ಟಿಪ್ಪರ್ ಎತ್ತೋಕೆ ಕೆಲಸಕ್ಕಿಟ್ಕೋತಿದ್ದೆ," ಎಂದಳು ಜಾಕಮ್ಮ. ಗಂಡ ನಕ್ಕ. ತಾನು ನಗಲಿಲ್ಲ ಎಂಬುದು ಅವಳಿಗೇ ಆಮೇಲೆ ಹೊಳೆಯಿತು.

ಮಾರನೆಯ ಮಧ್ಯಾಹ್ನ ಮೂರರ ಸುಮಾರಿಗೆ ಸಿಲಿಂಡರುಗಳ ಪಿನ್ನು ಕಿತ್ತು ಚೌಕಟ್ಟನ್ನು ಬಿಡಿಸಿದಳು. ಈಗ ಅದನ್ನು ಬರಿಗೈಯಲ್ಲೇ ಎತ್ತಿ ಮುಚ್ಚಬಹುದು. ಎಲ್ಲಿ ತಾಗುತ್ತದೋ ಅದು ಕೈಗೆ ಗೊತ್ತಾಗಬೇಕು. ಬೀದಿಯಲ್ಲಿ ತರಕಾರಿ ಗಾಡಿಯವನು ಕೂಗುತ್ತಿದ್ದ. ತಗಡಿನ ತೂತುಗಳಿಂದ ಬಿಸಿಲು ಕಾಸಗಲ ಕಾಸಗಲ ಬಿದ್ದಿತ್ತು. ಅವಳು ಎಡಬದಿಯಲ್ಲಿ ನಿಂತು ಚೌಕಟ್ಟನ್ನು ಮುಂದಕ್ಕೆ ತಳ್ಳಿದಳು.

ಅದೇ ಜಾಗದಲ್ಲಿ ತಡೆಯಿತು. ಆದರೆ ಕಬ್ಬಿಣಕ್ಕೆ ಕಬ್ಬಿಣ ತಾಗಿದ ತಡೆಯಲ್ಲ ಅದು. ಮೆತ್ತಗಿತ್ತು. ಅವಳು ಒತ್ತಿದಳು, ಆ ತಡೆ ಒಂದಂಗುಲ ಹಿಂದೆ ಸರಿಯಿತು. ಅವಳು ಸಡಿಲ ಬಿಟ್ಟಳು. ಒಂದಂಗುಲ ಮರಳಿ ಬಂತು. ಬಾಗಿಲಿಗೆ ಆಚೆಯಿಂದ ಯಾರೋ ಅಂಗೈ ಕೊಟ್ಟು ನಿಂತ ಹಾಗೆ. ಅದೂ ಗಟ್ಟಿ ಆಳಲ್ಲ. ಸುಸ್ತಾದ, ಸಣ್ಣಗೆ ನಡುಗುವ ಕೈ.

ಜಾಕಮ್ಮ ಚೌಕಟ್ಟನ್ನು ದಡಕ್ಕನೆ ಬಿಡಲಿಲ್ಲ. ಯಾರಿಗೋ ನೋವಾದೀತೆಂಬಂತೆ ಮೆಲ್ಲಗೆ ಹಿಂದಕ್ಕೆ ಇಳಿಸಿ, ಹೊರಗೆ ಬಂದು, ನಲ್ಲಿಯಲ್ಲಿ ಬಹಳ ಹೊತ್ತು ಕೈ ತೊಳೆದುಕೊಂಡು, ಔಷಧಿಯವರಿಗೆ ಫೋನ್ ಮಾಡಿದಳು.

ಅವರು ಮರುದಿನ ಅಂಗಡಿ ಮುಚ್ಚಿ ಮಧ್ಯಾಹ್ನ ಬಂದರು. ಅಷ್ಟರಲ್ಲಿ ಅವಳು ಪಿನ್ನುಗಳನ್ನು ಮತ್ತೆ ಹಾಕಿದ್ದಳು.

"ಸರ್, ಹಿಂದಿನ ಸೀಟಲ್ಲಿ ಎಡಗಡೆ ಯಾರು ಕೂರ್ತಿದ್ರು?"

"ಯಾಕೆ?"

"ಅಲ್ಲಿಗೆ ಬಂದು ನಿಲ್ತಿದೆ. ಯಂತ್ರದಲ್ಲಿ ತಪ್ಪಿಲ್ಲ."

ಔಷಧಿಯವರು ಮಗುಚಿಟ್ಟ ಡ್ರಮ್ಮಿನ ಮೇಲೆ ಕುಸಿದು ಕೂತರು.

"ನಮ್ಮಕ್ಕ. ನನ್ನನ್ನ ಓದಿಸಿ ಅಂಗಡಿ ಹಾಕಿಕೊಟ್ಟೋಳು. ಕೊನೆಕೊನೆಗೆ ಉಸಿರಾಟದ ತೊಂದ್ರೆ. ಕಿಟಕಿ ಹಾಕಿದ್ರೆ ಒದ್ದಾಡೋಳು. ಅದಕ್ಕೇ ಟಾಪು ತೆಗೆದು ಈ ಕಾರಲ್ಲೇ ಆಸ್ಪತ್ರೆಗೆ ಕರ್ಕೊಂಡು ಹೊರಟೆ. ಅರ್ಧ ದಾರೀಲಿ ಹನಿ ಶುರುವಾಯ್ತು. ಗಾಡಿ ನಿಲ್ಸಿ ಬಟನ್ ಒತ್ತಿದೆ. ಕನ್ನಡೀಲಿ ನೋಡ್ತೀನಿ, ಕೈ ಎತ್ತಿದಾಳೆ. ಬೇಡ ಅಂತ."

"ಆಮೇಲೆ?"

"ನೆನೆದ್ರೆ ಇನ್ನೂ ಜಾಸ್ತಿ ಆಗುತ್ತೆ ಅಂದ್ಕೊಂಡೆ. ಬಟನ್ ಬಿಡ್ಲಿಲ್ಲ ನಾನು." ಅವರು ತಮ್ಮ ಹೆಬ್ಬೆರಳನ್ನೇ ನೋಡುತ್ತಿದ್ದರು. "ಆಸ್ಪತ್ರೆ ಮುಟ್ಟೋಷ್ಟರಲ್ಲಿ ಮುಗಿದಿತ್ತು. ಮುಚ್ಚದೆ ಇದ್ದಿದ್ರೂ ಅಷ್ಟೇ ಅಂದ್ರು ಡಾಕ್ಟ್ರು. ಆ ಕೈ ವಿಷಯ ಮಾತ್ರ ಯಾರಿಗೂ ಹೇಳಿಲ್ಲ, ನನ್ನ ಹೆಂಡ್ತಿಗೂ. ಮಾರನೇ ದಿನ ಟಾಪು ತೆಗೆದೆ. ಮತ್ತೆ ಮುಚ್ಚೋಕೆ ಬರ್ಲೇ ಇಲ್ಲ. ತುಕ್ಕು ಹಿಡಿದಿದೆ ಅಂತಲೇ ಇದ್ದೆ."

ಸಮಾಧಾನ ಹೇಳುವುದು ಜಾಕಮ್ಮನಿಗೆ ಬಾರದ ವಿದ್ಯೆ. ಮರದ ದಿಮ್ಮಿಯೊಂದನ್ನು ಕೈಗೆತ್ತಿಕೊಂಡಳು. ಅವರೇ ಎದ್ದು, ಚಪ್ಪಲಿ ಬಿಟ್ಟು, ಹಿಂದಿನ ಸೀಟಿಗೆ ಹತ್ತಿ ಎಡಗಡೆ ಕೂತರು.

"ಒತ್ತಿಯಮ್ಮ."

ಅವಳು ಹೊರಗೇ ನಿಂತು, ಬಾಗಿ, ಬಟನ್ ಒತ್ತಿದಳು. ಇನ್ನೊಂದು ಕೈಯಲ್ಲಿ ದಿಮ್ಮಿ ಹಿಡಿದಿದ್ದಳು. ಚೌಕಟ್ಟು ಎದ್ದು ಅವರ ತಲೆಯ ಮೇಲೆ ಬಂದು ನಿಂತಿತು. ಪಂಪು ನರಳಿತು. ಅವರು ಕತ್ತೆತ್ತಿ ನೋಡಿ, "ಅಕ್ಕಾ, ಸ್ವಲ್ಪ ಹೊತ್ತು ಅಷ್ಟೇ. ನಾನೂ ಇಲ್ಲೇ ಇರ್ತೀನಿ," ಎಂದರು. ಹೇಳುತ್ತ ಸೀಟಿನ ಮೇಲೆ ಬಲಕ್ಕೆ ಸರಿದು ಜಾಗ ಬಿಟ್ಟರು.

ಪಂಪಿನ ದನಿ ಹಗುರಾಯಿತು. ಟಾಪು ಮುಂದೆ ಸಾಗಿ ಗಾಜಿನ ಅಂಚಿಗೆ ಟಕ್ಕೆಂದು ಕೂತಿತು.

ಒಳಗೆ ಅವರು ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು. ಒಂದು ಮಾತು, ಆಮೇಲೆ ಮೌನ, ಮತ್ತೆ "ಹೂಂ". ಗಾಳಿಯ ಸುಳಿವಿರಲಿಲ್ಲ, ಗೋಡೆಗೆ ತೂಗುಹಾಕಿದ್ದ ಬಟ್ಟೆಚೂರೂ ಅಲುಗುತ್ತಿರಲಿಲ್ಲ. ಆದರೆ ಕಾರಿನ ಕ್ಯಾನ್ವಾಸು ಎಡಭಾಗದಲ್ಲಿ ಮಾತ್ರ ಅಂಗೈಯಗಲ ಒಳಕ್ಕೆ ಹೋಗುತ್ತಿತ್ತು, ಹೊರಕ್ಕೆ ಬರುತ್ತಿತ್ತು. ಮೊದಲು ಬೇಗ ಬೇಗ. ಆಮೇಲೆ ನಿಧಾನವಾಗಿ, ನಿದ್ದೆ ಹತ್ತಿದವರ ಹಾಗೆ. ಜಾಕಮ್ಮ ದಿಮ್ಮಿಯನ್ನು ಎದೆಗವಚಿಕೊಂಡು ನೋಡುತ್ತಲೇ ಇದ್ದಳು. ಓಡಿಹೋಗಬೇಕೆನ್ನಿಸಿತು. ಬಟನ್ನಿನ ಹತ್ತಿರ ಬೇರೆ ಯಾರೂ ಇಲ್ಲವಲ್ಲ ಎಂದು ನಿಂತಳು.

"ತೆಗೀರಿ," ಎಂದರು ಒಳಗಿನಿಂದ.

ತೆಗೆದಳು. ಅವರು ಬಲತುದಿಯಲ್ಲಿ ಮುದುಡಿ ಕೂತಿದ್ದರು, ಇನ್ನೊಬ್ಬರಿಗೆ ಧಾರಾಳವಾಗಿ ಜಾಗ ಬಿಟ್ಟು. ಕೆನ್ನೆ ಒದ್ದೆಯಾಗಿತ್ತು.

"ಏನಂದ್ರು?" ಕೇಳಬಾರದೆಂದುಕೊಂಡೇ ಕೇಳಿದಳು.

"ಬೈದ್ಲು," ಎಂದರು. ಹಾಗೆನ್ನುವಾಗ ಚಿಕ್ಕ ಹುಡುಗನ ಹಾಗೆ ತುಸು ನಕ್ಕರು.

ಕೊಳ್ಳಲು ಬಂದವರಿಗೆ ಅವರು ಕಾರು ಕೊಡಲಿಲ್ಲ. ವರ್ಷಕ್ಕೊಮ್ಮೆ ಎಣ್ಣೆ ಬದಲಿಸಲು ತರುತ್ತಾರೆ. ಟಾಪು ಎಲ್ಲೂ ತಡೆಯುವುದಿಲ್ಲ. ಆದರೂ ಕೆಲಸ ಮುಗಿಸಿ ಪರೀಕ್ಷೆ ಮಾಡುವ ಹೊತ್ತಿಗೆ ಜಾಕಮ್ಮ ಬಟನ್ ಮುಟ್ಟುವುದಿಲ್ಲ. "ನೀವೇ ಒತ್ತಿ ಸರ್," ಎಂದು ಹೇಳಿ, ಶೆಡ್ಡಿನಿಂದ ಹೊರಗೆ ಬಂದು, ಬೀದಿಯ ಕಡೆ ಮುಖ ಮಾಡಿ ನಿಲ್ಲುತ್ತಾಳೆ.