ಹೊಸ್ತಿಲ ಹೊರಗಿನ ಎತ್ತರ

ಗ್ರೂಪ್ ಫೋಟೋ ತೆಗೆಯಲು ಬಂದವನು ಕ್ಯಾಮೆರಾದೊಳಗೆ ಕಣ್ಣಿಟ್ಟು ನೋಡಿದ, ತಲೆಯೆತ್ತಿ ನನ್ನನ್ನು ನೋಡಿದ, ಮತ್ತೆ ಕಣ್ಣಿಟ್ಟ. ಆಮೇಲೆ, ಆ ಕೊನೆಯಲ್ಲಿರುವ ಸಾರ್‌ಗೆ ಒಂದು ಇಟ್ಟಿಗೆ ತಂದುಕೊಡಿ ಎಂದ. ಮಳವಳ್ಳಿಯ ಒಂದು ಕಾಲೇಜಿನಲ್ಲಿ ನಾನು ಅರ್ಥಶಾಸ್ತ್ರ ಪಾಠ ಮಾಡುವವನು. ಬೇಡಿಕೆ, ಪೂರೈಕೆ ಎಂದು ದಿನವಿಡೀ ಗಂಟಲು ಹರಿದುಕೊಳ್ಳುವವನು. ಅವತ್ತು ಬೇಡಿಕೆಯೇ ಇಲ್ಲದೆ ಇಟ್ಟಿಗೆ ಪೂರೈಕೆಯಾಯಿತು. ಹುಡುಗರು ಕಿಸಿಕಿಸಿ ನಕ್ಕರು. ನಾನೂ ನಕ್ಕಂತೆ ಮಾಡಿ ಹತ್ತಿ ನಿಂತೆ. ಆ ಫೋಟೋ ಈಗಲೂ ಪ್ರಾಂಶುಪಾಲರ ಕೋಣೆಯ ಗೋಡೆಯಲ್ಲಿದೆ. ಮುಂದೆ ಕೂತ ಹುಡುಗಿಯರ ತಲೆ ಅಡ್ಡ ಬಂದಿರುವುದರಿಂದ ಇಟ್ಟಿಗೆ ಯಾರಿಗೂ ಕಾಣುವುದಿಲ್ಲ. ನನಗೆ ಮಾತ್ರ ಕಾಣುತ್ತದೆ.

ಆ ವಾರವೇ ಫೋನಿನಲ್ಲಿ ಹುಡುಕಿ ಎತ್ತರದ ಬೂಟು ತರಿಸಿಕೊಂಡೆ. ಹೊರಗಿನಿಂದ ನೋಡಿದರೆ ಎಲ್ಲರ ಬೂಟಿನಂತೆಯೇ ಕಪ್ಪಗೆ, ಮರ್ಯಾದಸ್ಥವಾಗಿ ಇತ್ತು. ಕಳ್ಳತನವೆಲ್ಲ ಒಳಗೆ. ಹಿಮ್ಮಡಿಯ ಕೆಳಗೆ ಇಳಿಜಾರಾದ ಒಂದು ದಪ್ಪ ಅಟ್ಟೆ. ಐದು ಅಡಿ ಎರಡು ಇಂಚಿನವನು ಅದರೊಳಗೆ ಕಾಲು ತೂರಿಸಿದರೆ ಐದೂವರೆ ಅಡಿಯ ಹತ್ತಿರಕ್ಕೆ ಬರುತ್ತಿದ್ದ. ಸಾಯಂಕಾಲದ ಹೊತ್ತಿಗೆ ಮೀನಖಂಡ ಬಿಗಿದುಕೊಂಡು, ಮುಂದಕ್ಕೆ ಜಾರಿದ ಬೆರಳುಗಳು ಕೆಂಪಾಗಿರುತ್ತಿದ್ದವು. ಇರಲಿ ಬಿಡು ಎಂದುಕೊಂಡೆ. ನಾನಿರುವುದು ಮಂಡ್ಯದಲ್ಲಿ, ಒಂದು ಬಾಡಿಗೆ ಕೋಣೆಯಲ್ಲಿ, ಒಬ್ಬನೇ. ಅಲ್ಲಿಯ ಟೈಲರ್‌ಗೆ ಹೊಸ ಪ್ಯಾಂಟುಗಳನ್ನು ಉದ್ದ ಹೊಲಿಯಲು ಹೇಳಿದೆ. ಅವನು ಟೇಪು ಹಿಡಿದುಕೊಂಡು, ಇಷ್ಟುದ್ದ ಬಿಟ್ಟರೆ ನೆಲ ಗುಡಿಸುತ್ತೆ ಸಾರ್ ಎಂದ. ಹೇಳಿದಷ್ಟು ಮಾಡಯ್ಯ ಎಂದು ರೇಗಿದೆ.

ಮೊದಲ ದಿನ ಬಸ್ಸಿನ ಮೇಲಿನ ಕಂಬಿ ಕೈಗೆ ಸಲೀಸಾಗಿ ಸಿಕ್ಕಿತು. ಅದುವರೆಗೆ ಸೀಟಿನ ಹಿಂದಿನ ಹಿಡಿ ಹಿಡಿದು ತೂರಾಡುತ್ತಿದ್ದವನು ನಾನು. ನಗಬೇಡಿ, ಆ ಕಂಬಿ ಹಿಡಿದುಕೊಂಡಾಗ ನನಗೆ ಕಣ್ಣು ತುಂಬಿ ಬಂದಿತ್ತು.

ಆದರೆ ಬೂಟಿನ ಡಬ್ಬದ ಮೇಲೆ ಬರೆಯದ ಒಂದು ವಿಷಯವಿತ್ತು. ನಮ್ಮ ಕಡೆ ಮನುಷ್ಯ ಬೂಟು ಹಾಕಿಕೊಂಡಿರುವುದು ರಸ್ತೆಯಲ್ಲಿ, ಬಸ್ಸಿನಲ್ಲಿ, ಕಚೇರಿಯಲ್ಲಿ. ಬದುಕುವುದೆಲ್ಲ ಅದನ್ನು ಬಿಟ್ಟ ಮೇಲೆ. ಯಾರ ಮನೆಗೆ ಹೋದರೂ ಬಾಗಿಲಲ್ಲಿ ಬಿಡಬೇಕು. ದೇವಸ್ಥಾನ ಸರಿ, ಈಗ ಹಲ್ಲಿನ ಡಾಕ್ಟರ ಹತ್ತಿರವೂ ಪಾದರಕ್ಷೆ ಹೊರಗೆ ಬಿಡಿ ಎಂಬ ಬೋರ್ಡು. ದವಡೆ ಊದಿಸಿಕೊಂಡು ಹೋಗಿ, ಆ ಬೋರ್ಡು ಓದಿ, ಹಾಗೇ ವಾಪಸು ಬಂದಿದ್ದೇನೆ. ಕಾಲೇಜಿನ ಆಯುಧಪೂಜೆಯ ದಿನ ಪ್ರತಿವರ್ಷ ನನಗೆ ಜ್ವರ ಬರುತ್ತಿತ್ತು. ಒಮ್ಮೆ ಯಲಿಯೂರಿನ ಕಡೆಯ ಒಂದು ಸಂಬಂಧ ಬಂದಾಗ, ಹುಡುಗಿಯನ್ನು ಮದ್ದೂರಿನ ಹೋಟೆಲಿನಲ್ಲೇ ನೋಡೋಣ, ಈಗೆಲ್ಲ ಹಾಗೇ ಅಲ್ಲವೇ ಎಂದು ಜಂಬದಿಂದ ಹೇಳಿದೆ. ವಡೆ ತಿಂದಿದ್ದಾಯಿತು, ಕಾಫಿ ಕುಡಿದಿದ್ದಾಯಿತು. ಹುಡುಗಿಯ ಅಪ್ಪ ಒಪ್ಪಿ, ಭಾನುವಾರ ಮನೆಗೆ ಬನ್ನಿ ಎಂದರು. ನಾನು ಭಾನುವಾರಗಳನ್ನು ಮುಂದೂಡುತ್ತ ಹೋದೆ, ಅವರು ಬೇರೆ ಕಡೆ ಕೊಟ್ಟರು. ಕೇಳಿದವರಿಗೆಲ್ಲ ಜಾತಕ ಕೂಡಲಿಲ್ಲ ಎಂದೆ.

ಕೊತ್ತತ್ತಿಯ ನಮ್ಮ ಮನೆಗೆ ಹೋಗುವಾಗ ಮಾತ್ರ ಹವಾಯಿ ಚಪ್ಪಲಿ, ಹಳೆಯ ಪ್ಯಾಂಟು. ಅಲ್ಲಿಯವರು ನನ್ನನ್ನು ಎಂದೋ ಅಳೆದು ಮುಗಿಸಿದ್ದರು. ಉಳಿದವರ ಮುಂದೆ ಹಾಗಲ್ಲ. ಒಂದು ಎತ್ತರದಲ್ಲಿ ಪರಿಚಯವಾದವರ ಎದುರಿಗೆ, ಅವರ ಹೊಸ್ತಿಲಲ್ಲಿ ನಿಂತು, ನಾಲ್ಕು ಬೆರಳು ಕೆಳಗಿಳಿಯುವ ಧೈರ್ಯ ನನಗಿರಲಿಲ್ಲ. ಗೇಟಿನಿಂದ ಒಳಕ್ಕೆ ಬರದ ಮನುಷ್ಯ, ಧಿಮಾಕು ಜಾಸ್ತಿ ಎಂದು ಹೆಸರಾಯಿತು. ಕುಳ್ಳ ಅನ್ನುವುದಕ್ಕಿಂತ ಧಿಮಾಕಿನವನು ಅನ್ನುವುದು ಮೇಲು ಎಂದು ಸುಮ್ಮನಿದ್ದೆ.

ಹೀಗಿರುವಾಗ ನಮ್ಮ ಕಾಲೇಜಿಗೆ ಇತಿಹಾಸ ಪಾಠ ಮಾಡಲು ಒಬ್ಬ ಬಂದ. ನನ್ನ ವಯಸ್ಸಿನವನೇ, ಮದ್ದೂರಿನಾಚೆಯ ಕೊಪ್ಪದವನು. ದಿನಾ ಬೈಕಿನಲ್ಲಿ ಮದ್ದೂರಿನ ಮೇಲೆ ಮಳವಳ್ಳಿಗೆ ಬರುತ್ತಿದ್ದ. ಮದ್ದೂರಿನವರೆಗೆ ನನ್ನ ಜೊತೆ ಬನ್ನಿ, ಅಲ್ಲಿಂದ ಮಂಡ್ಯಕ್ಕೆ ಬೇಕಾದಷ್ಟು ಬಸ್ಸಿದೆ ಎಂದ. ಅಂದಿನಿಂದ ಸಾಯಂಕಾಲಗಳು ನನ್ನವಾದವು. ಕಬ್ಬಿನ ಗದ್ದೆಗಳ ನಡುವೆ ಹೋಗುವಾಗ ಅವನು ಗಾಳಿಗೆ ಕೂಗಿಕೊಂಡು ಮಾತಾಡುತ್ತಿದ್ದ, ನಾನು ಅವನ ಬೆನ್ನ ಹಿಂದೆ ಕೂತು ಕೂಗಿಕೊಂಡೇ ಉತ್ತರ ಕೊಡುತ್ತಿದ್ದೆ. ಬೈಕಿನ ಮೇಲೆ ಕೂತವನ ಎತ್ತರ ಯಾರು ನೋಡುತ್ತಾರೆ? ಮದ್ದೂರಿನಲ್ಲಿ ಇಳಿದು ಕಾಫಿ ಕುಡಿದು ಬೇರೆಯಾಗುತ್ತಿದ್ದೆವು. ಸ್ಟಾಫ್ ರೂಮಿನಲ್ಲಿ ‘ಸಾರ್’ ಅನ್ನುತ್ತಿದ್ದವನು ಬೈಕ್ ಸ್ಟಾರ್ಟ್ ಮಾಡಿದ ಕೂಡಲೇ ‘ಕುಂತ್ಕಳ್ಳಾ’ ಅನ್ನುತ್ತಿದ್ದ. ನನ್ನನ್ನು ಹಾಗೆ ಕರೆಯುವವರು ಆಗ ಬೇರೆ ಯಾರೂ ಇರಲಿಲ್ಲ.

ಒಂದು ಮಾತು ಇಲ್ಲೇ ಹೇಳಬೇಕು. ನಾನು ಊರೊಳಗಿನ ಗೌಡರ ಪೈಕಿ. ನಮ್ಮಂಥವರು ತಲೆತಲಾಂತರದಿಂದ ಊರಾಚೆ ಇಟ್ಟಿದ್ದ ಕೇರಿ ಅವನದು. ಅವನ ಅಪ್ಪನ ಕಾಲಕ್ಕೇ ಬುದ್ಧನ ದಾರಿ ಹಿಡಿದ ಮನೆ. ನನ್ನ ಅಜ್ಜ ಆ ಜನರ ಮನೆಯ ನೀರು ಮುಟ್ಟುತ್ತಿರಲಿಲ್ಲ ಎಂಬುದು ನನಗೆ ಗೊತ್ತು. ನನ್ನ ತಲೆಯಲ್ಲಿ ಅದ್ಯಾವುದೂ ಇರಲಿಲ್ಲ. ಇದ್ದದ್ದು ನನ್ನ ಹಿಮ್ಮಡಿಯೊಂದೇ.

ಅವನು ಕೊಪ್ಪದಲ್ಲಿ ಹೊಸ ಮನೆ ಕಟ್ಟಿಸಿದ. ಮನೆ ಒಕ್ಕಲಿನ ದಿನ ಬರಲೇಬೇಕು, ಅವ್ವ ನಿನ್ನನ್ನು ನೋಡಬೇಕು ಅಂತಾಳೆ ಎಂದ. ಹೋಗದೆ ಇರಲಾರೆ, ಒಳಗೆ ಕಾಲಿಡಲಾರೆ. ಒಂದು ಗೋಡೆ ಗಡಿಯಾರ ಕಟ್ಟಿಸಿಕೊಂಡು ಹೋಗಿ ಗೇಟಿನಲ್ಲಿ ನಿಂತೆ. ಅವನ ಅವ್ವ ನನ್ನನ್ನು ಕಂಡು ಚೊಂಬಿನ ತುಂಬ ನೀರು ಹಿಡಿದುಕೊಂಡು ಮೆಟ್ಟಿಲಿಳಿದು ಬಂದಳು. ಬಂದವರಿಗೆ ಕಾಲು ತೊಳೆಯಲು ನೀರು ಕೊಡುವುದು ನಮ್ಮ ಕಡೆಯ ಮರ್ಯಾದೆ. ಸಣ್ಣ ಜೀವ; ಬರಿಗಾಲಿನ ನನಗಿಂತಲೂ ಗಿಡ್ಡ.

“ಕಾಲ್ ತೊಳ್ಕೊ ಮಗ, ಒಳಿಕ್ಕೆ ಬಾ,” ಎಂದು ಚೊಂಬು ಚಾಚಿದಳು.

ನಾನು ಹಿಂದಕ್ಕೆ ಸರಿದೆ. ಬೇಡಮ್ಮ, ಬಸ್ಸಿಗೆ ಹೊತ್ತಾಯಿತು, ಇನ್ನೊಂದು ಸಲ ಬರುತ್ತೇನೆ ಎಂದು ಏನೇನೋ ಬಡಬಡಿಸಿ ಗಡಿಯಾರವನ್ನು ಅವಳ ಇನ್ನೊಂದು ಕೈಗಿಟ್ಟೆ. ಅವಳು ಒಂದು ಗಳಿಗೆ ಚೊಂಬಿನೊಳಗಿನ ನೀರನ್ನು ನೋಡಿಕೊಂಡು ನಿಂತಿದ್ದು, ಆಗಲಿ ಕಣಪ್ಪ ಎಂದು ಒಳಗೆ ಹೋದಳು. ಸದ್ಯ ಬಚಾವಾದೆ ಎಂದುಕೊಂಡು ನಾನು ಬಸ್ ಸ್ಟ್ಯಾಂಡಿನ ಕಡೆ ಬಿರಬಿರನೆ ನಡೆದೆ.

ಆಮೇಲೂ ಅವನು ಎರಡು ಮೂರು ಸಲ ಕರೆದ. ಪ್ರತಿಸಲವೂ ನನ್ನದೊಂದು ನೆಪ. ಕೊನೆಗೆ ಅವನ ಅವ್ವ ಹುಷಾರಿಲ್ಲದೆ ಮಂಡ್ಯದ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಿದ್ದಾಳೆ ಎಂದು ತಿಳಿದಾಗ ಎಳನೀರು, ಬಾಳೆಹಣ್ಣು ತೆಗೆದುಕೊಂಡು ಹೋದೆ. ಹಾದಿಯುದ್ದಕ್ಕೂ ಇವತ್ತು ಬಿಟ್ಟೇಬಿಡುತ್ತೇನೆ ಎಂದು ಜಪ ಮಾಡಿದೆ. ಬಾಗಿಲ ಹತ್ತಿರ ಹೋದರೆ ಒಳಗಿಂದ ನಾಲ್ಕಾರು ಜನರ ಮಾತು ಕೇಳಿಸಿತು, ನಮ್ಮ ಕಾಲೇಜಿನವರ ದನಿಯೂ ಇತ್ತು. ಕಾಲು ಬರಲಿಲ್ಲ. ಮನೆಯ ಪಕ್ಕಕ್ಕೆ ಹೋದರೆ ಅಲ್ಲೊಂದು ಕಿಟಕಿ, ಕಿಟಕಿಯ ಪಕ್ಕದಲ್ಲೇ ಅವಳ ಮಂಚ. ಬೂಟಿನ ಉಪಕಾರ ನೋಡಿ, ಕಿಟಕಿಯೊಳಗೆ ಮುಖ ಕಾಣಿಸುವಷ್ಟು ಎತ್ತರ ಇದ್ದೆ. ಹೇಗಿದ್ದೀಯಮ್ಮ ಎಂದೆ. ಸರಳಿನ ಸಂದಿಯಿಂದ ಹಣ್ಣು ಕೊಟ್ಟೆ.

“ಅಲ್ಲೇ ಯಾಕಪ್ಪ ನಿಂತ್ಕಂಡೆ,” ಎಂದು ಶುರು ಮಾಡಿದವಳು ಅರ್ಧಕ್ಕೇ ನಿಲ್ಲಿಸಿ, “ಬುಡು, ಅಲ್ಲೇ ಇರು, ನೆಳ್ಳೈತೆ,” ಎಂದಳು.

ಎಂಥ ತಿಳಿವಳಿಕೆಯ ಹೆಂಗಸು ಎಂದು ನಾನು ಹಿಗ್ಗಿದೆ. ಮಂಕುದಿಣ್ಣೆ ನಾನು.

ಅದರ ಮಾರನೆಯ ವಾರದಿಂದ ಅವನು ಬದಲಾದ. ಇವತ್ತು ಪೆಟ್ರೋಲ್ ಹಾಕಿಸಬೇಕು, ಇವತ್ತು ಬೇರೆ ಕಡೆ ಕೆಲಸವಿದೆ, ನೀವು ಬಸ್ಸಿಗೆ ಹೋಗಿ ಸಾರ್. ಸ್ಟಾಫ್ ರೂಮಿನ ಹೊರಗೂ ಸಾರ್, ಬೈಕಿನ ಪಕ್ಕದಲ್ಲಿ ನಿಂತಾಗಲೂ ಸಾರ್, ನೀವು, ಬನ್ನಿ, ಹೋಗಿ. ಇಷ್ಟೊಂದು ಮರ್ಯಾದೆಯನ್ನು ನನ್ನ ಜೀವಮಾನದಲ್ಲಿ ಯಾರೂ ಕೊಟ್ಟಿರಲಿಲ್ಲ, ಅಷ್ಟು ನೋವನ್ನೂ ಕೊಟ್ಟಿರಲಿಲ್ಲ. ನಾನು ಮಾಡಿಕೊಂಡ ಲೆಕ್ಕ ಇಷ್ಟೇ: ಇವನಿಗೆ ಬೂಟಿನ ಗುಟ್ಟು ತಿಳಿದಿದೆ, ಇಂಥ ಡೂಪ್ಲಿಕೇಟ್ ಮನುಷ್ಯನ ಜೊತೆ ಓಡಾಡಲು ನಾಚಿಕೆ. ನಾಚಿಕೆಯಾದರೆ ಆಗಲಿ, ನನಗೇನು ಬಂದಿದೆ ರೋಗ ಎಂದು ನಾನೂ ಬಿಗಿದುಕೊಂಡೆ. ಕೇಳಬಹುದಿತ್ತು. ಕೇಳಿದರೆ ಬೂಟಿನ ಮಾತು ಬಾಯಿಗೆ ಬರುತ್ತದಲ್ಲ, ಅದಕ್ಕೆ ಕೇಳಲಿಲ್ಲ.

ಮತ್ತೆ ಬಸ್ಸು, ಮತ್ತೆ ಕಂಬಿ. ಕಂಬಿ ಹಿಡಿದು ನಿಂತರೆ ಕಿಟಕಿಯಿಂದ ಅವನ ಬೈಕು ನಮ್ಮ ಬಸ್ಸನ್ನು ದಾಟಿಹೋಗುವುದು ಕಾಣುತ್ತಿತ್ತು, ಹಿಂದಿನ ಸೀಟು ಖಾಲಿ. ಕೋಣೆಗೆ ಬಂದು ಬೂಟು ಬಿಚ್ಚಿ ಮಂಚದ ಮೇಲೆ ಕೂತರೆ ಬೆಳಗ್ಗೆವರೆಗೂ ಒಂದು ಮಾತಾಡಲು ಜನವಿಲ್ಲ. ಅನ್ನಕ್ಕಿಟ್ಟ ಕುಕ್ಕರ್ ಕೂಗುವುದನ್ನೇ ಕಾಯುತ್ತ ಕೂರುತ್ತಿದ್ದೆ. ಹಾಗೇ ಎರಡು ಬೇಸಿಗೆ ಕಳೆದವು.

ಅವನ ಅವ್ವ ತೀರಿಕೊಂಡ ಸುದ್ದಿ ಕಾಲೇಜಿನ ವಾಟ್ಸಾಪ್ ಗುಂಪಿನಲ್ಲಿ ಬಂತು. ಎಲ್ಲರೂ ಕೈಮುಗಿದ ಚಿತ್ರ ಹಾಕಿದರು. ನಾನು ಬಸ್ಸು ಹತ್ತಿದೆ.

ಅವಳನ್ನು ಮನೆಯ ಮುಂದೆ ಶಾಮಿಯಾನದ ಕೆಳಗೆ ಮಲಗಿಸಿದ್ದರು. ರಸ್ತೆಯ ಪಕ್ಕದಲ್ಲಿ ಚಪ್ಪಲಿಗಳ ರಾಶಿ. ನಾನು ಅಲ್ಲೇ ಬಗ್ಗಿ ಬೂಟಿನ ದಾರ ಬಿಚ್ಚಿದೆ. ಇಷ್ಟು ವರ್ಷ ಆಗದ ಕೆಲಸ ಅವತ್ತು ಅರ್ಧ ನಿಮಿಷದಲ್ಲಿ ಆಯಿತು. ಕೆಳಗಿಳಿದೆ. ಪ್ಯಾಂಟಿನ ಅಂಚು ಪಾದ ಮುಚ್ಚಿ ಮಣ್ಣಿಗೆ ಬಿತ್ತು. ಅದನ್ನು ತುಳಿದುಕೊಂಡು, ಎಡವಿಕೊಂಡು, ಜನರ ನಡುವೆ ನಡೆದು ಅವಳ ಪಾದ ಮುಟ್ಟಿದೆ. ಯಾರೂ ನನ್ನ ಕಾಲು ನೋಡಲಿಲ್ಲ.

ಮಣ್ಣು ಮಾಡಿ ಬಂದವರು ಕಾಲು ತೊಳೆದು ಒಳಗೆ ಹೋಗಿ, ತೀರಿಕೊಂಡವರ ಜಾಗದಲ್ಲಿ ಹಚ್ಚಿಟ್ಟ ದೀಪ ನೋಡಿ ಹೋಗಬೇಕು. ಆ ಪದ್ಧತಿ ಅವರ ಮನೆಯಲ್ಲೂ ಉಳಿದಿತ್ತು. ಅವನೇ ಮೆಟ್ಟಿಲಲ್ಲಿ ನಿಂತು ಒಬ್ಬೊಬ್ಬರ ಕಾಲಿಗೂ ನೀರು ಹುಯ್ಯುತ್ತಿದ್ದ. ನನ್ನ ಸರದಿ ಬಂದಾಗ ಕೈ ಒಂದು ಚಣ ನಿಂತಿತು, ಆಮೇಲೆ ಹುಯ್ದ. ಅದೇ ಚೊಂಬು. ಒಳಗೆ ಹೋದೆ. ಗೋಡೆಯ ಮೇಲೆ ಬುದ್ಧನ ಚಿತ್ರ, ಅದರ ಪಕ್ಕ ನಾನು ಕೊಟ್ಟ ಗಡಿಯಾರ, ಕಿಟಕಿಯ ಹತ್ತಿರ ಮಂಚವಿದ್ದ ಜಾಗದಲ್ಲಿ ದೀಪ. ಆ ಮನೆಯ ಒಳಗನ್ನು ನಾನು ಮೊದಲ ಸಲ ನೋಡಿದ್ದು ಹಾಗೆ.

ಜನ ಕರಗಿದ ಮೇಲೆ ಅವನ ಪಕ್ಕದಲ್ಲಿ ಜಗಲಿಯ ಮೇಲೆ ಕೂತೆ. ಒದ್ದೆಯಾದ ಪ್ಯಾಂಟಿನ ಅಂಚು ಎತ್ತಿ ತೋರಿಸಿದೆ.

“ಇದುಕ್ಕೆ ಕಣ್ಲಾ. ಬೂಟು ಬುಟ್ರೆ ನಾನು ಇಷ್ಟೇಯ. ಅದುಕ್ಕೇ ಒಳಿಕ್ಕೆ ಬರ್ನಿಲ್ಲ.”

ಅವನು ನನ್ನ ಕಾಲನ್ನು ನೋಡಲೂ ಇಲ್ಲ. “ಬೂಟಿನ ವಿಸ್ಯ ಗೊತ್ತು ಸಾರ್. ನೀವು ಬೈಕ್ ಅತ್ತಿದ ಮೊದಲ್ನೇ ದಿನವೇ ಗೊತ್ತಾಯ್ತು.”

ಗೊತ್ತಿದ್ದರೆ ಮತ್ತೆ ಯಾಕೆ ಹೀಗೆ ದೂರವಾದೆ ಎಂದು ಕೇಳಿದೆ.

“ನೀವು ಒಳಿಕ್ಕೆ ಬರ್ದಿದ್ದು ಅದುಕ್ಕೇ ಅಂತ ತಲೇಗೆ ಒಳೀನಿಲ್ಲ. ನಿಮ್ಮೋರು ನಮ್ಮ ಬಾಗ್ಲಲ್ಲಿ ನಿಂತು ಒಳಿಕ್ಕೆ ಬರ್ನಿಲ್ಲ ಅಂದ್ರೆ ನಮ್ಗೆ ಗೊತ್ತಿರಾದು ಒಂದೇ ಕಾರ್ಣ. ಬ್ಯಾರೆ ಕಾರ್ಣ ಉಡುಕೋ ಅಭ್ಯಾಸ ನಮ್ಗಿಲ್ಲ. ಓಟ್ಲಲ್ಲಿ ಜೊತೇಲಿ ಕುಂತು ತಿನ್ನೋರು ಬೋ ಜನ ಅವ್ರೆ ಸಾರ್.”

ಚೊಂಬು, ಹಿಂದಕ್ಕೆ ಸರಿದ ನನ್ನ ಕಾಲು, ಕಿಟಕಿ, ಎಲ್ಲವೂ ಅವರ ಕಡೆಯಿಂದ ಹೇಗೆ ಕಂಡಿರಬೇಕು ಎಂದು ಆಗ ಕಂಡಿತು. ಅವನೇ ನಿಧಾನವಾಗಿ ಹೇಳಿದ: ಮನೆ ಒಕ್ಕಲಿನ ದಿನದಿಂದ ಅವ್ವ ಕಾಲೇಜಿನವರು ಯಾರೇ ಬಂದರೂ ಚೊಂಬು ಹಿಡಿದುಕೊಂಡು ಬಾಗಿಲಿಗೆ ಹೋಗುವುದನ್ನು ಬಿಟ್ಟಳಂತೆ. ನಾನು ಕಿಟಕಿಯಿಂದ ಮಾತಾಡಿಸಿ ಹೋದ ಸಾಯಂಕಾಲ ಇವನು ಅವ್ವನ ಮುಂದೆ ನನ್ನನ್ನು ಬೈದು ಕೂಗಾಡಿದನಂತೆ. ಅವಳೇ ಸಮಾಧಾನ ಮಾಡಿದಳಂತೆ. ಆ ಮೇಷ್ಟ್ರು ಒಳ್ಳೆಯವನೇ, ಮನೆಯಲ್ಲಿ ದೊಡ್ಡವರು ಬೈತಾರೇನೋ, ಬಲವಂತ ಮಾಡಿ ಅವನಿಗೆ ಕಷ್ಟ ಕೊಡಬೇಡ ಎಂದಳಂತೆ.

ನನಗೆ ಅಳು ತಡೆಯಲಾಗಲಿಲ್ಲ. ಅಂಥದ್ದು ನನ್ನ ಮನಸ್ಸಿನಲ್ಲಿ ಒಂದು ದಿನವೂ ಬಂದಿರಲಿಲ್ಲ, ನನ್ನ ಮಾತು ನಂಬು ಎಂದು ಅವನ ಕೈ ಹಿಡಿದುಕೊಂಡೆ. ಅವನು ಕೈ ಬಿಡಿಸಿಕೊಳ್ಳಲಿಲ್ಲ. ರಸ್ತೆಯ ಪಕ್ಕದಲ್ಲಿ ಒಂಟಿಯಾಗಿ ಉಳಿದಿದ್ದ ನನ್ನ ಬೂಟುಗಳನ್ನು ನೋಡುತ್ತಿದ್ದ.

“ನಾನ್ ನಂಬ್ತೀನಿ ಬುಡ್ಲಾ,” ಎಂದ. “ಅವ್ವಂಗೆ ಏಳೋರ್ಯಾರು?”