ಬಲಗಡೆ ಕೂರಬೇಕು

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರಲ್ಲ, ಆ ಮಾತನ್ನು ಯಾರಾದರೂ ನ್ಯಾಮತಿಯ ಮಲ್ಲಿಕಾರ್ಜುನಪ್ಪನ ಎದುರು ಆಡಿದರೆ ಮುಗಿಯಿತು, ಕುಡಿಯುತ್ತಿದ್ದ ಚಹಾ ಅಲ್ಲೇ ಬಿಟ್ಟು ಎದ್ದುಬಿಡುತ್ತಿದ್ದ. "ನಾನು ಹೆಣ್ಣು-ಗಂಡು ಕೂಡ್ಸೋನು ಕಣ್ರೀ, ದನದ ದಲ್ಲಾಳಿ ಅಲ್ಲ." ನಿಜವೇ, ಅವನು ಸುಳ್ಳು ಹೇಳಿದವನಲ್ಲ. ಆದರೆ ನಿಜವನ್ನೂ ನೆಟ್ಟಗೆ ಹೇಳಿದವನಲ್ಲ, ಪುಣ್ಯಾತ್ಮ!

ಹೆಣ್ಣುಮಗಳ ಕೊರತೆಯನ್ನು ಕೊರತೆ ಅಂತ ಬರೆಯಬಾರದು ಎನ್ನುವುದು ಅವನ ಶಾಸ್ತ್ರ. ಮೂಗಿನ ತುದಿಯಲ್ಲೇ ಸಿಟ್ಟಿರುವ ಹುಡುಗಿಗೆ "ಬೇಕಾದ ಗಂಡು: ತಾಳ್ಮೆಯವನು" ಎಂದು ಬರೆಸುತ್ತಿದ್ದ. ಸವಳಂಗದ ಆಶಾಗೆ ಚಿಕ್ಕಂದಿನಲ್ಲಿ ಜ್ವರ ಬಂದು ಎಡಗಿವಿ ಹೋಗಿತ್ತು. ಅವಳ ಹೆಸರಿನ ಕೆಳಗೆ ಬರೆಸಿದ್ದು "ಕೂರುವ ಕಡೆ: ಬಲ" ಎಂದು. ಗಂಡಿನವರು ಇದೇನು ಅಂತ ಕೇಳಿದಾಗ, ತಾನೇ ಅವರ ಮನೆಗೆ ಹೋಗಿ, ಊಟಕ್ಕೆ ಕೂತು, ಮೆತ್ತಗೆ ಬಿಡಿಸಿ ಹೇಳುತ್ತಿದ್ದ. ತಿಳಿಯದೆ ಯಾರೂ ನಿನ್ನ ನೋಡಲು ಬರುವುದಿಲ್ಲ ಎಂದು ಆಶಾಗೂ ಅವಳ ತಾಯಿ ಅಜ್ಜಮ್ಮನಿಗೂ ಮಾತು ಕೊಟ್ಟಿದ್ದ. ತಿಳಿದು ಬಂದವರೂ ಒಪ್ಪದೆ ಹೋಗಿದ್ದರು, ಅದು ಬೇರೆ.

ಇದನ್ನೆಲ್ಲ ಕಂಪ್ಯೂಟರಿಗೆ ಹಾಕಿದವಳು ಅವನ ತಂಗಿಯ ಮಗಳು ಕಲ್ಪನಾ. ನ್ಯಾಮತಿಯಲ್ಲಿ ಅವಳದೊಂದು ಕಂಪ್ಯೂಟರ್ ಅಂಗಡಿ. ಮಾವನ ಬಾಯಲ್ಲಿ ದಿನಕ್ಕೊಂದು ಹೊಸ ಕಾಲಂ ಹುಟ್ಟುವುದನ್ನು ಕಂಡು ಅವಳು ಡಾಕ್ಯುಮೆಂಟ್ ಡೇಟಾಬೇಸ್ ಆರಿಸಿದ್ದಳು. ಅಲ್ಲಿ ಒಬ್ಬೊಬ್ಬರದೂ ಒಂದೊಂದು ದಾಖಲೆ, ಒಬ್ಬರದರಲ್ಲಿ ಇರುವುದು ಇನ್ನೊಬ್ಬರದರಲ್ಲಿ ಇರಲೇಬೇಕೆಂದಿಲ್ಲ. ಮಾವನಿಗೆ ಹೇಳಿ ಮಾಡಿಸಿದ ಹಾಗಿತ್ತು.

ಈ ವರ್ಷ ಚನ್ನಗಿರಿ, ಹೊನ್ನಾಳಿ, ಜಗಳೂರಿನ ಮದುವೆ ಮಾಡಿಸುವವರೂ ಕೂಡಿಕೊಂಡು, ಎಲ್ಲರ ಮಾಹಿತಿಯೂ ಒಂದೇ ಕಡೆ ಸಿಗಲಿ ಎಂದರು. ಕಲ್ಪನಾ ಒಂದು ಇಂಟಿಗ್ರೇಷನ್ ಟೂಲ್ ಹಿಡಿದಳು. ಬೇರೆ ಬೇರೆ ಕಡೆಯಿಂದ ಮಾಹಿತಿ ಎಳೆದು ಒಂದೇ ಪಟ್ಟಿ ಮಾಡುವುದು ಅದರ ಕೆಲಸ. ಮಾವನ ಡೇಟಾಬೇಸನ್ನು ಅದಕ್ಕೆ ಜೋಡಿಸಿದಳು, ಜೋಡಣೆಯಾಯಿತೆಂದು ಹಸಿರು ಗುರುತು ಬಂತು, ಖುಷಿಗೆ ಮಂಡಕ್ಕಿ-ಮೆಣಸಿನಕಾಯಿ ತರಿಸಿ ಇಬ್ಬರೂ ತಿಂದರು.

ಮುಂದಿನ ಭಾನುವಾರ ಮಧ್ಯಾಹ್ನ ಇಬ್ಬರೂ ಅಂಗಡಿಯಲ್ಲಿದ್ದಾಗ ಜಗಳೂರಿನ ಸಿದ್ದಲಿಂಗೇಶನ ಫೋನು ಬಂತು. ಆ ಕಡೆಯ ಮದುವೆಗಳೆಲ್ಲ ಅವನ ಕೈಯಲ್ಲೇ.

"ಅಣ್ಣಾರೇ, ನಿಮ್ ಸವಳಂಗದ ಹುಡುಗಿ ನೋಡಾಕೆ ಹುಡುಗನ ಮನೆಯೋರ್ನ ಕರ್ಕೊಂಡು ಹೊಂಟೀನಿ. ಅಜ್ಜಮ್ಮಾರಿಗೆ ಹೇಳೀನಿ. ನೀವು ನಿದ್ದೆ ಮಾಡ್ತಿರ್ತೀರಿ ಅಂತ ನ್ಯಾಮತಿಯಾಗೆ ನಿಲ್ಲಿಸ್ಲಿಲ್ಲ. ಇನ್ನೇನು ಸವಳಂಗ ಬಂತು."

"ಬಲಗಡೆ ಅಂತ ಬರ್ಸಿದ್ದು ನೋಡಿದ್ರೇನ್ರೀ?"

"ಯಾವ ಬಲಗಡೆ? ಅಂಥದ್ದೇನೂ ಇಲ್ವಲ್ರೀ."

ಕಾರಿನ ತುಂಬ ಜನ, ಫೋನಿನ ಸ್ಪೀಕರ್ ಬೇರೆ ಹಾಕಿತ್ತು. ಹುಡುಗಿಯ ವಿಷಯವನ್ನು ಹಾಗೆ ಬೀದಿಗೆ ಹಾಕುವುದುಂಟೇ? ಮಲ್ಲಿಕಾರ್ಜುನಪ್ಪ ಫೋನಿಟ್ಟು ಅಜ್ಜಮ್ಮನಿಗೆ ಮಾಡಿದ. ಎತ್ತಲಿಲ್ಲ. ಅಷ್ಟರಲ್ಲಿ ಕಲ್ಪನಾ ಕಂಪ್ಯೂಟರ್ ನೋಡಿ ಹಣೆ ಚಚ್ಚಿಕೊಂಡಳು.

"ಅಯ್ಯೋ ಮಾವ! ಈ ಟೂಲು ಮೊದಲ ನೂರು ದಾಖಲೆ ನೋಡಿ ಕಾಲಂ ಕಟ್ಕೊಂಡೈತೆ. ಆಶಾಂದು ಅದರಾಚೆ ಐತೆ. 'ಕೂರುವ ಕಡೆ' ಅಂತ ಒಂದೈತೆ ಅನ್ನೋದೇ ಅದಕ್ಕೆ ಗೊತ್ತಿಲ್ಲ. ನಾನು ನೋಡ್ಬೇಕಿತ್ತು."

"ನೂರು ಮನೆ ನೋಡಿದ್ರೆ ಊರೇ ನೋಡ್ದಂಗಾತೇನೆ? ನಡಿ, ಗಾಡಿ ತಗಿ!"

ಸ್ಕೂಟರಿನ ಹಿಂದೆ ಕೂತವನಿಗೆ ದಾರಿಯುದ್ದಕ್ಕೂ ಅದೇ ಕಣ್ಣ ಮುಂದೆ. ಹುಡುಗ ಎಡಕ್ಕೆ ಕೂರುತ್ತಾನೆ, ಮೆಲ್ಲಗೆ ಏನೋ ಕೇಳುತ್ತಾನೆ, ಇವಳು ಉತ್ತರ ಕೊಡುವುದಿಲ್ಲ, ಹುಡುಗಿಗೆ ಸೊಕ್ಕು ಅಂತ ಎದ್ದು ಹೋಗುತ್ತಾರೆ. ಕೊಟ್ಟ ಮಾತು ಮಣ್ಣುಪಾಲು. ಅವನಿಗೆ ಅಳುವೇ ಬಂದಂತಾಯಿತು.

ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಒಳಗೆ ನಗು ಕೇಳುತ್ತಿತ್ತು. ಇಣುಕಿ ನೋಡಿದರೆ ಜಗಳೂರಿನ ಹುಡುಗ ಕಲ್ಲೇಶ್ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಆಶಾಳ ಬಲಗಡೆ ಕೂತಿದ್ದಾನೆ! ಇವನನ್ನು ಕಂಡು ಆಶಾ ಎದ್ದು ಜಗಲಿಗೆ ಬಂದಳು.

"ತಪ್ಪಾತವ್ವ," ಎಂದ ಮಲ್ಲಿಕಾರ್ಜುನಪ್ಪ. "ತಿಳೀದೇನೇ ಬಂದ್ಬಿಟ್ರು."

"ತಿಳೀದೆ ಬಂದಿದ್ದೇ ಚಲೋ ಆತು ದೊಡ್ಡಪ್ಪ. ನೀವು ಹೇಳಿ ಕಳ್ಸಿದೋರೆಲ್ಲ ಹೊಲದಾಗೆ ಕೂಗ್ದಂಗೆ ಕೂಗೋರು. ನನ್ನ ಕೇಳೋದನ್ನೂ ಅವ್ವನ್ನೇ ಕೇಳೋರು. ಇವತ್ತು ಇವರು ಏನೋ ಕೇಳಿದ್ರು. ಆ ಕಿವಿ ಕೇಳಲ್ಲ, ಈ ಕಡೆ ಬಂದು ಕೂತ್ಕಳ್ರಿ ಅಂದೆ. ಕುರ್ಚಿ ಎತ್ಕಂಡು ಬಂದ್ರು."

"ಏನ್ ಕೇಳಿದ್ನಂತೆ?"

"ನಿಮಗ್ಯಾಕೆ!"

ನಗು ಬಂತು ಅವನಿಗೆ. "ಹಂಗಾದ್ರೆ ಇಷ್ಟು ದಿನ ನೀನೇ ಯಾಕೆ ಹೇಳ್ಲಿಲ್ಲವ್ವ?"

"ನೀವೇ ಅಷ್ಟು ಮುಚ್ಚಿ ಮುಚ್ಚಿ ಹೇಳ್ತಿದ್ರಲ್ಲ," ಎಂದಳು ಆಶಾ, ಸಿಟ್ಟಿಲ್ಲದೆ. "ಬಾಯಿ ಬಿಟ್ಟು ಹೇಳಬಾರದ್ದೇ ಇರ್ಬೇಕು ಅನ್ಕಂಡಿದ್ದೆ."

ಮಲ್ಲಿಕಾರ್ಜುನಪ್ಪ ಜಗಲಿಯ ಮೇಲೆ ಕೂತ. ಒಳಗಿನಿಂದ ಅಜ್ಜಮ್ಮ ಕಾಫಿ ಕಳಿಸಿದರೆ ಅದು ಆರಿಹೋಗುವ ತನಕ ಕುಡಿಯಲಿಲ್ಲ.

ಮರುದಿನ ಕಲ್ಪನಾ, ಎಲ್ಲ ದಾಖಲೆ ಓದಿದ ಮೇಲೇ ಕಾಲಂ ಕಟ್ಟುವಂತೆ ಟೂಲನ್ನು ಸರಿಮಾಡಿದಳು. "ಕೂರುವ ಕಡೆ ಈಗ ಬಂತು ಮಾವ. ಇರ್ಲಾ?"

"ಬ್ಯಾಡ. ನಾನು ಸುತ್ತಿ ಬಳಸಿ ಬರ್ಸಿದ್ದೆಲ್ಲ ತೆಗಿ. ಒಬ್ಬೊಬ್ಬರನ್ನೇ ಕೇಳಿ, ಅವರು ಹೆಂಗೆ ಹೇಳ್ತಾರೋ ಹಂಗೇ ಹಾಕು."

ಆಗಲೇ ಸಿದ್ದಲಿಂಗೇಶನ ಫೋನು. ಹುಡುಗ ಒಪ್ಪಿದ್ದಾನೆ, ಹುಡುಗಿ ಏನಂತಾಳೆ? ಜೀವಮಾನವಿಡೀ ಹುಡುಗಿಯರ ಪರವಾಗಿ ತಾನೇ ಉತ್ತರ ಹೇಳಿಕೊಂಡು ಬಂದವನು ಬಾಯಿ ತೆರೆದ, ಮತ್ತೆ ಮುಚ್ಚಿದ.

"ನಂಬರ್ ಕೊಡ್ತೀನಿ ಬರ್ಕಳ್ರಿ," ಎಂದ ಕೊನೆಗೆ. "ಅವಳೇ ಹೇಳ್ತಾಳೆ."